ಹೇಳಬೇಕಿತ್ತೆ?

ಕಳೆದ ವರ್ಷ ಆಫೀಸಿನ ಕೆಲಸಕ್ಕೆ ಚೀನಾಕ್ಕೆ ಹೋದಾಗ ಮೂರು ದಿನ ಉಳಿದಿತ್ತು. ಗೈಡ್ ಇಲ್ಲದೆ, ಭಾಷೆ ಬಾರದೆ, ಶಿಯಾಮೆನ್‌ನಲ್ಲಿ ರೈಲು ಹತ್ತಿ ಚುವಾನ್‌ಜೋದಲ್ಲಿ ಇಳಿದೆ. ಅರ್ಧ ಗಂಟೆಯ ದಾರಿ. ಮಾರ್ಕೋ ಪೋಲೋ ಜೈತೂನ್ ಎಂದು ಕರೆದ ಬಂದರು ಇದೇ. ಕೆಂಪಿಟ್ಟಿಗೆಯ ಮನೆಗಳು, 11ನೇ ಶತಮಾನದ ಲುವೊಯಾಂಗ್ ಸೇತುವೆ. ಸೇತುವೆಯ ಬುಡದ ಕಲ್ಲುಗಳು ಒಂದಕ್ಕೊಂದು ಹಿಡಿದುಕೊಳ್ಳಲೆಂದು ಅವುಗಳ ಮೇಲೆ ಸಿಂಪಿ ಬೆಳೆಸಿದ್ದರಂತೆ! ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಕೈಯುವಾನ್ ಬೌದ್ಧ ದೇಗುಲದ ಹಿಂಬದಿಯ ಕಂಬಗಳಲ್ಲಿ ಕೃಷ್ಣನ ಕೆತ್ತನೆಗಳಿವೆ. ತಮಿಳು ವರ್ತಕರು ಇಲ್ಲಿ ಶಿವಾಲಯ ಕಟ್ಟಿದ್ದರು. 1281ರ ತಮಿಳು ಶಾಸನವೂ ಸಿಕ್ಕಿದೆ. ನೋಡಿದೊಡನೆ ಬಾಯಿಗೆ ಬಂದ ಮಾತು 'ನಮ್ಮದು'. ಊರಲ್ಲಿದ್ದರೆ 'ತಮಿಳರದು' ಎನ್ನುತ್ತಿದ್ದೆನೇನೋ.

ಮರುದಿನ ಹತ್ತಿರದ ಚೆದಿಯನ್ ಹಳ್ಳಿಗೆ ಹೋದೆ. ಪುಟ್ಟ ಗುಡಿ, ನಾಲ್ಕು ಕೈಗಳ ದೇವಿ. ವಿದ್ವಾಂಸರ ಪ್ರಕಾರ ಅದು ಹಿಂದೂ ಶಿಲ್ಪ. ಹಳ್ಳಿಯವರಿಗೆ ಮಾತ್ರ ಅವಳು ಗುವಾನ್‌ಯಿನ್, ಕರುಣೆಯ ತಾಯಿ. ಒಬ್ಬ ಅಜ್ಜಿ ಊದುಬತ್ತಿ ಹಚ್ಚುತ್ತಿದ್ದರು. ನನ್ನ ಕೈಗೂ ಮೂರು ಕೊಟ್ಟರು. ನಾನು ಫೋನಿನಲ್ಲಿ ಟೈಪ್ ಮಾಡಿದೆ: 'ಅಜ್ಜೀ, ಈ ದೇವಿ ನಮ್ಮ ದೇಶದವಳು.' ಅನುವಾದವೂ ಬಂತು. ಸ್ಪೀಕರ್ ಗುರುತಿನ ಮೇಲೆ ಬೆರಳು ನಿಂತುಬಿಟ್ಟಿತು.

ಗೊತ್ತಿರುವ ನಿಜವನ್ನು ಹೇಳದಿರುವುದು ಸುಳ್ಳೇ? ಆ ನಿಜದಿಂದ ಅಜ್ಜಿಗೆ ಆಗಬೇಕಾದ್ದೇನು? ಪೂಜೆ ಅವರದು, ಹೆಮ್ಮೆ ನನ್ನದು. ಅಷ್ಟಕ್ಕೂ ಗುವಾನ್‌ಯಿನ್ ಎಂದರೆ ಇಲ್ಲಿಂದಲೇ ಹೋದ ಅವಲೋಕಿತೇಶ್ವರ. ಹೋಗುವಾಗ ಗಂಡು, ಅಲ್ಲಿ ತಾಯಿಯಾದ. ಯಾವ ಹೆಸರು ನಿಜ ಅಂತ ಹೇಳಲಿ?

ಆದರೆ ಪುಣೆಯಲ್ಲಿ ನಾನು ಹೀಗೆ ಸುಮ್ಮನಿರುವವನಲ್ಲ. ಪಾಲಖಿ ಬಂದಾಗಲೆಲ್ಲ ಸಹೋದ್ಯೋಗಿಗಳಿಗೆ 'ವಿಠ್ಠಲ ಕನ್ನಡದವನು, ನಿಮ್ಮ ಸಂತರೇ ಕಾನಡಾ ಅಂದಿದ್ದಾರೆ' ಎಂದು ಹದಿನಾರು ವರ್ಷಗಳಿಂದ ಹೇಳುತ್ತಿದ್ದೇನೆ. ಒಬ್ಬ ನಕ್ಕು ಕೇಳಿದ್ದ, "ಹೌದು ಸರ್, ಈಗೇನು, ಕರ್ಕೊಂಡು ಹೋಗ್ತೀರಾ?" ಪುಣೆ ನಾನು ಬಾಡಿಗೆ ಕಟ್ಟುವ ಊರು, ಜಗಳವಾಡುವ ಹಕ್ಕಿದೆ, ಚೆದಿಯನ್‌ನಲ್ಲಿ ಎರಡು ತಾಸಿನ ಅತಿಥಿ. ಹೀಗೆ ಸಮಾಧಾನ ಹೇಳಿಕೊಂಡೆ. ಅದು ಗೌರವವೋ ಪುಕ್ಕಲುತನವೋ, ಇನ್ನೂ ತೀರ್ಮಾನವಾಗಿಲ್ಲ.

ಊದುಬತ್ತಿ ಸಿಕ್ಕಿಸಿ ಕೈಮುಗಿದೆ. ನಾನು ಕೈಮುಗಿದದ್ದು ಯಾರಿಗೆ ಅಂತ ಅಜ್ಜಿ ಕೇಳಲಿಲ್ಲ. ಆ ವಾಕ್ಯ ಫೋನಿನಲ್ಲಿ ಇನ್ನೂ ಇದೆ, ಅಳಿಸಿಲ್ಲ.