ಬೆಟ್ಟದ ಕೆಳಗೆ ಕಾದಿದ್ದವನು



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯ ನಮ್ಮ ಕಾಲೇಜು ಮಕ್ಕಳು ಒಂದು ಶನಿವಾರ ಪ್ರವಾಸ ಹೊರಟರು. ಮುಂಜಾನೆ ನಂದಿಬೆಟ್ಟ ಹತ್ತಿ ಇಳಿಯುವುದು, ಬಸ್ಸಿನಲ್ಲಿ ಚೆನ್ನೈ ಸೇರುವುದು, ಭಾನುವಾರ ಪ್ರೇಷಿತ ಸಂತ ತೋಮರ ಸಮಾಧಿಯಿರುವ ಸಾಂತೋಮ್ ದೇವಾಲಯದಲ್ಲಿ ಬಲಿಪೂಜೆ, ಆಮೇಲೆ ಕಡಲು. ಜೊತೆಗೆ ನಾನೂ ಹೋಗಿದ್ದೆ.

ಹೊರಡುವಾಗ ಶಿಡ್ಲಘಟ್ಟದ ಒಬ್ಬ ತಂದೆ ಮಗನನ್ನು ಬಸ್ಸಿನವರೆಗೂ ಕರೆತಂದಿದ್ದರು. ರೇಷ್ಮೆ ನೂಲು ತೆಗೆಯುವವರು; ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಬೆರಳ ತುದಿಗಳು ಬಿಳುಪೇರಿದ್ದವು. ಆ ಕೈಯಲ್ಲಿ ನನ್ನ ಕೈ ಹಿಡಿದು, "ಸ್ವಾಮಿ, ಇವನಿಗೆ ಉಬ್ಬಸ. ಸ್ವಲ್ಪ ನೋಡ್ಕೊಳ್ಳಿ" ಎಂದರು. ಆಗಲಿ ಎಂದೆ.

ನಂದಿಬೆಟ್ಟದ ಎತ್ತರ 1,478 ಮೀಟರ್. ಕಾರಿನಲ್ಲಿ ಹೋಗುವವರಿಗೆ ಅದೇನೂ ಅಲ್ಲ. ಸಾವಿರಕ್ಕೂ ಮಿಕ್ಕ ಕಲ್ಲು ಮೆಟ್ಟಿಲು ಹತ್ತುವವರಿಗೆ ಮೊಣಕಾಲು ಲೆಕ್ಕ ಹೇಳುತ್ತದೆ. ಸೂರ್ಯೋದಯ ತಪ್ಪೀತೆಂಬ ಆತುರದಲ್ಲಿ ನಾನೇ ಮುಂದೆ. ಮೇಲೆ ಹೋದರೆ ಎಲ್ಲೆಲ್ಲೂ ಮಂಜು, ಪಕ್ಕದವರ ಮುಖವೇ ಕಾಣದು. ಆದರೂ ಪ್ರಬೋಧನೆ ಸಿದ್ಧವಾಗಿತ್ತಲ್ಲ! ತಾಬೋರ್ ಬೆಟ್ಟದ ಮೇಲೆ ಪ್ರಭುವಿನ ರೂಪಾಂತರ, ಮೋಶೆ, ಎಲೀಯ, ಮೂರು ಗುಡಾರ ಕಟ್ಟಲು ಹೊರಟ ಪೇತ್ರ. ಸುಮಾರು ಕಾಲು ಗಂಟೆ ಹೇಳಿದ ಮೇಲೆ ಯಾರೋ, "ಫಾದರ್, ಇಬ್ಬರು ಬಂದಿಲ್ಲ" ಎಂದರು.

ಅರ್ಧದಾರಿ ಓಡಿ ಇಳಿದೆ. ಹುಡುಗ ಮೆಟ್ಟಿಲ ಮೇಲೆ ಗೋಡೆಗೊರಗಿ ಕುಳಿತಿದ್ದ, ಎದೆ ಏರಿಳಿಯುತ್ತಿತ್ತು. ಔಷಧಿ ಎಳೆದುಕೊಂಡಿದ್ದರಿಂದ ತುಸು ಸುಧಾರಿಸಿದ್ದ. ಪಕ್ಕದಲ್ಲಿ ಗೌರಿಬಿದನೂರಿನ ಒಬ್ಬ ಹುಡುಗಿ, ಅವನ ಚೀಲ ತನ್ನ ಹೆಗಲಿಗೆ ಹಾಕಿಕೊಂಡು ನೀರಿನ ಬಾಟಲಿ ಹಿಡಿದು ಕೂತಿದ್ದಳು. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು ಅಲ್ಲಿಯವರೆಗೆ ಬಂದಿದ್ದರು. ಹೆಸರೇನೆಂದು ಆಗಷ್ಟೇ ಕೇಳಿದ್ದಳಂತೆ.

ತಪಸ್ಸುಕಾಲದ ಎರಡನೆಯ ಭಾನುವಾರ ಪ್ರತಿವರ್ಷ ನಾವು ರೂಪಾಂತರದ ಶುಭಸಂದೇಶವನ್ನೇ ಕೇಳುತ್ತೇವೆ. ಆ ವಾಚನ ಬೆಟ್ಟದ ಘಟನೆಯೊಂದಿಗೆ ಮುಗಿಯುತ್ತದೆ. ಮನೆಯಲ್ಲಿ ಸಂತ ಮಾರ್ಕನ ಒಂಬತ್ತನೆಯ ಅಧ್ಯಾಯ ತೆರೆದು ಮುಂದಕ್ಕೆ ಓದಿ. ಬೆಟ್ಟದ ಬುಡದಲ್ಲಿ ಒಬ್ಬ ತಂದೆ ಕಾಯಿಲೆಯ ಮಗನನ್ನು ಹಿಡಿದು ನಿಂತಿದ್ದಾನೆ. ಶಿಷ್ಯರ ಬಳಿ ತಂದೊಪ್ಪಿಸಿದ್ದ. ಅವರ ಕೈಯಲ್ಲಿ ಆಗಿರಲಿಲ್ಲ. ಪ್ರಭು ಇಳಿದು ಬಂದದ್ದು ಅವನ ಬಳಿಗೆ. 1520ರಲ್ಲಿ ತೀರಿಕೊಂಡ ಚಿತ್ರಕಾರ ರಾಫೆಲ್ ತನ್ನ ಕಡೆಯ ಚಿತ್ರದಲ್ಲಿ ಇವೆರಡನ್ನೂ ಒಂದೇ ಪಟದಲ್ಲಿ ಬರೆದಿದ್ದಾನೆ: ಮೇಲೆ ಬೆಳಕು, ಕೆಳಗೆ ಆ ಹುಡುಗ. ಗುರುಮಠದಲ್ಲಿ ಈ ಚಿತ್ರದ ಬಗ್ಗೆ ನಾನು ಚೆನ್ನಾಗಿಯೇ ಉತ್ತರ ಬರೆದಿದ್ದೆ.

ನನಗೊಪ್ಪಿಸಿದ ಮಗುವನ್ನು ಮರೆತು, ಆ ತಂದೆಮಗನ ಕಥೆಯಿರುವ ಅಧ್ಯಾಯವನ್ನೇ ನಾನು ಮಂಜಿಗೆ ಬೋಧಿಸುತ್ತಿದ್ದೆ. ಪೋಷಕರೇ, ಇದನ್ನು ಓದಿ ಮಕ್ಕಳನ್ನು ಮನೆಯಲ್ಲೇ ಕೂರಿಸಬೇಡಿ. ಬಾಗಿಲು ಹಾಕಿದ ಮನೆಯಲ್ಲಿ ಆ ಹುಡುಗಿಯಂಥವರು ಬೆಳೆಯುವುದು ಕಷ್ಟ. ಆದರೆ ಯಾರ ಕೈಗೆ ಒಪ್ಪಿಸುತ್ತೀರೋ ಅವರನ್ನು ಎರಡು ಸಲ ಕೇಳಿ, ಗುರುಗಳಾದರೂ ಸರಿ.

ಚೆನ್ನೈ ದಾರಿಯಲ್ಲಿ ಪಾಲಾರ್ ಸಿಕ್ಕಿತು. ನಮ್ಮ ನಂದಿ ಸೀಮೆಯಲ್ಲೇ ಹುಟ್ಟುವ ನದಿ. ಅಂದು ಕಂಡದ್ದು ಬರೀ ಮರಳು. ಬೋರ್‌ವೆಲ್ಲು, ಟ್ಯಾಂಕರಿನ ನೀರಲ್ಲೇ ಬೆಳೆದ ಮಕ್ಕಳಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮರುದಿನ ಪೂಜೆ ಮುಗಿದು ಕಡಲ ಮುಂದೆ ನಿಂತಾಗ ಮಾತ್ರ ಎಲ್ಲರೂ ಮೌನವಾದರು. ರಾತ್ರಿಯಿಡೀ ಬಲೆ ಬೀಸಿಯೂ ಏನೂ ಸಿಗದಿದ್ದ ಶಿಷ್ಯರಿಗೆ ಪ್ರಭು ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಕೊಟ್ಟದ್ದನ್ನು ಹೇಳೋಣವೆಂದುಕೊಂಡೆ, ಹೇಳಲಿಲ್ಲ. ಪಾದ ಮುಳುಗುವಷ್ಟು ನೀರಿಗೆ ಮಾತ್ರ ಬಿಟ್ಟು ತಲೆ ಎಣಿಸುತ್ತಾ ನಿಂತೆ. ಎಷ್ಟು ಸಲ ಎಣಿಸಿದೆನೆಂದು ಮಕ್ಕಳು ಇಂದಿಗೂ ಅಣಕಿಸುತ್ತಾರೆ.

ಹಿಂದಿರುಗಿದ ಮೇಲೆ ಆ ತಂದೆಗೆ ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಬಹಳ ಹೊತ್ತು ಅವರು ನನ್ನ ಮುಖ ನೋಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು: "ಆ ಹುಡುಗಿ ಯಾರ ಮನೆಯವಳು, ಸ್ವಾಮಿ?"