ಅಂದಿನ ಅಕ್ಕಿ, ಅಂದಿನ ಔಷಧ

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಭಕ್ತರು ವಿರಳ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬರಲು, ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಈ ಕಥೆಯನ್ನು ಮಿತಜೀವನಕ್ಕೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಕೇಳುವವರು ಗಮನಿಸದ ಸೂಕ್ಷ್ಮವೊಂದು ಅಲ್ಲಿ ಉಂಟು. ಲಕ್ಕಮ್ಮನು ಹಿಂದಿರುಗಿಸಿದ್ದು ಹೆಚ್ಚಿನ ಅಕ್ಕಿಯನ್ನು. ಅಂದಿನ ಅಕ್ಕಿಯನ್ನು ಆಕೆ ಹಿಂದಿರುಗಿಸಲಿಲ್ಲ. ಅದನ್ನು ಅಟ್ಟು ದಾಸೋಹವನ್ನು ನಡೆಸಿದಳು. ಬೇಕಾದುದನ್ನೇ ಬಿಟ್ಟು ಅದಕ್ಕೆ ಸರಳತೆಯೆಂಬ ಹೆಸರಿಡುವ ಭ್ರಾಂತಿ ಆಕೆಗಿರಲಿಲ್ಲ.

ಈ ಭ್ರಾಂತಿ ಇಂದು ಹೆಚ್ಚಾಗಿ ಕಾಣುವುದು ಔಷಧದ ವಿಷಯದಲ್ಲಿ. ಐವತ್ತು ದಾಟಿದ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಎರಡು ಎಕರೆ ಹೊಲ, ಕಾಲೇಜಿನಲ್ಲಿ ಓದುವ ಮಗ, ಮದುವೆಗೆ ಬಂದ ಮಗಳು. ರಕ್ತದೊತ್ತಡ ಏರಿದೆಯೆಂದು ವೈದ್ಯರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಒಂದು ತಿಂಗಳು ನುಂಗಿದನು; ಮೈ ಹಗುರವೆನಿಸಿತು. ಎರಡನೆಯ ತಿಂಗಳು ಗುಳಿಗೆಯನ್ನು ಮುರಿದು ಅರ್ಧ ಮಾಡಿದನು. ಮೂರನೆಯ ತಿಂಗಳು "ಲಿಂಗಯ್ಯನಿದ್ದಾನೆ" ಎಂದು ಬಿಟ್ಟೇಬಿಟ್ಟನು. ಉಳಿದ ಹಣ ಮಗನ ಶುಲ್ಕಕ್ಕೆ ಹೋಯಿತು. ಕಂಡವರು ತ್ಯಾಗಿಯೆಂದು ಹೊಗಳಿದರು.

ರಕ್ತದೊತ್ತಡದ ಸ್ವಭಾವವಾದರೋ ವಿಲಕ್ಷಣ. ಬಹುಜನರಲ್ಲಿ ಅದು ನೋವನ್ನಾಗಲಿ ಆಯಾಸವನ್ನಾಗಲಿ ತೋರಗೊಡುವುದಿಲ್ಲ. ಅಳೆದು ನೋಡಿದಲ್ಲದೆ ತಿಳಿಯದು. ಗುಳಿಗೆಯು ಅದನ್ನು ಹತೋಟಿಯಲ್ಲಿಡುವುದೇ ಹೊರತು ಬೇರುಸಹಿತ ಕೀಳುವುದಿಲ್ಲ. ಬಿಟ್ಟರೆ ಮತ್ತೆ ಏರುತ್ತದೆ. ಹೃದಯ, ಮೂತ್ರಪಿಂಡ, ಮಿದುಳಿನ ನಾಳಗಳನ್ನು ಒಳಗೊಳಗೇ ಕೆಡಿಸುತ್ತದೆ. ಒಂದು ಮುಂಜಾನೆ ಲಕ್ವ ಹೊಡೆಯಿತೆಂದರೆ ಆ ಎರಡು ಎಕರೆ ಒತ್ತೆಗೆ ಬೀಳುವುದು, ಯಾವ ಓದಿಗಾಗಿ ಹಣ ಉಳಿಸಿದನೋ ಆ ಓದೇ ನಿಲ್ಲುವುದು. ಇನ್ನು ಲಿಂಗಯ್ಯನ ಮಾತು. ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬಾತನೂ ಇದ್ದನಷ್ಟೆ. ಚಿಕಿತ್ಸೆಯೇ ಆತನ ಕಾಯಕ. ಲಿಂಗನಿಷ್ಠೆಗೆ ಔಷಧ ವಿರೋಧವಾಗಿದ್ದ ಪಕ್ಷದಲ್ಲಿ ಆತನಿಗೆ ಆ ಗಣದಲ್ಲಿ ಸ್ಥಾನವೆಲ್ಲಿಯದು?

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಆಯುರ್ವೇದಾಚಾರ್ಯರ ಮತ: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಗೂ ಗುಣಗಳನ್ನು ವಿಧಿಸಿರುವುದು ಸ್ವಾರಸ್ಯವಾಗಿದೆ. ಚರಕನ ಪ್ರಕಾರ ಅವು ನಾಲ್ಕು: ಜ್ಞಾಪಕಶಕ್ತಿ, ವೈದ್ಯನು ಹೇಳಿದಂತೆ ನಡೆಯುವುದು, ಅಂಜದಿರುವುದು, ರೋಗದ ಸ್ಥಿತಿಯನ್ನು ಮುಚ್ಚಿಡದೆ ತಿಳಿಸುವುದು. ಅಷ್ಟಾಂಗಹೃದಯವನ್ನು ರಚಿಸಿದ ವಾಗ್ಭಟನು ರೋಗಿಯ ಗುಣಗಳಲ್ಲಿ ಧನಿಕತೆಯನ್ನೂ ಎಣಿಸಿದ್ದಾನೆ! ಲೋಕವನ್ನು ಕಂಡವನ ಮಾತು, ಕೇಳಲು ಕಟು. ಹಾಗಾದರೆ ಧನವಿಲ್ಲದವನ ಗತಿಯೇನು?

ಚರಕನು ಹೇಳಿದ ನಾಲ್ಕಕ್ಕೂ ಕಾಸು ಬೇಡವೆಂಬುದನ್ನು ಮೊದಲು ನೆನೆಯತಕ್ಕದ್ದು. "ಡಾಕ್ಟರ್ ಸಾಹೇಬರೆ, ದಿನವೂ ಇದನ್ನು ಕೊಳ್ಳುವ ಶಕ್ತಿ ನಮಗಿಲ್ಲ, ಕಡಿಮೆ ಬೆಲೆಯದು ಉಂಟೆ?" ಎಂದು ಕೇಳುವುದೂ ಸ್ಥಿತಿಯನ್ನು ತಿಳಿಸಿದಂತೆಯೇ. ಇಷ್ಟನ್ನು ಕೇಳಲು ನಾಚಿ ಗುಳಿಗೆ ಬಿಡುವವರು ಎಷ್ಟೋ ಮಂದಿ. ಒಂದೇ ಔಷಧ, ಒಂದೇ ಪ್ರಮಾಣ, ಹೊದಿಕೆಯ ಮೇಲಿನ ಹೆಸರು ಬೇರೆಯಾದ ಮಾತ್ರಕ್ಕೆ ಬೆಲೆ ಹಲವು ಪಟ್ಟು ಬೇರೆಯಾಗುವುದುಂಟು. ವ್ಯಾಪಾರದ ಹೆಸರಿಲ್ಲದೆ ಮೂಲದ್ರವ್ಯದ ಹೆಸರಿನಿಂದಲೇ ಮಾರುವ ಇಂಥ ಔಷಧಗಳಿಗೆ ಜೆನೆರಿಕ್ ಎನ್ನುತ್ತಾರೆ. ಇವುಗಳಿಗಾಗಿ ಕೇಂದ್ರ ಸರ್ಕಾರವು 2008ರಲ್ಲಿ ಜನೌಷಧಿ ಅಂಗಡಿಗಳನ್ನು ಆರಂಭಿಸಿತು. ಮೂಲದ್ರವ್ಯದ ಹೆಸರು, ಮಿಲಿಗ್ರಾಂ ಎರಡೂ ಚೀಟಿಗೆ ಹೊಂದುವುವೇ ಎಂದು ನೋಡಿ ಕೊಂಡು, ವೈದ್ಯರಿಗೊಮ್ಮೆ ತೋರಿಸಿದರಾಯಿತು. ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಗೆ ಹಣವಿಲ್ಲ. ಸಾಮಾನ್ಯ ಗುಳಿಗೆಗಳೂ ಅಲ್ಲಿ ಉಚಿತ. ಅಲ್ಲಿ ಸಾಲಿನಲ್ಲಿ ನಿಲ್ಲುವುದು ಮಾನಹಾನಿಯಲ್ಲ. ಅಂಗಳದಲ್ಲಿ ಬಾಗಿ ಅಕ್ಕಿ ಆಯುವುದಕ್ಕೆ ಮಾರಯ್ಯನು ನಾಚಿದನೆ?

ಹಿಂದಿರುಗಿಸಬೇಕಾದ ಹೆಚ್ಚಿನ ಅಕ್ಕಿ ಬೇರೆ ಇದೆ. ಮೈ ಬಳಲಿತೆಂದು ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವ ರೂಢಿ ಹಳ್ಳಿಹಳ್ಳಿಗೂ ಹಬ್ಬಿದೆ. ಶೇಕಡ 5ರ ಆ ಅರ್ಧ ಲೀಟರಿನಲ್ಲಿರುವ ಸಕ್ಕರೆಯ ಅಂಶ 25 ಗ್ರಾಂ, ಎಂದರೆ ಐದಾರು ಚಮಚೆ. ಬಾಯಿಂದ ನುಂಗಲಾಗದ ರೋಗಿಗೆ ಅದು ಬೇಕು. ನಡೆದು ಬಂದವನಿಗೆ ಪಾನಕ ಸಾಕು. ನೆಗಡಿಗೆ ಆಂಟಿಬಯಾಟಿಕ್ ಗುಳಿಗೆಯಿಂದ ಯಾವ ಪ್ರಯೋಜನವೂ ಇಲ್ಲ, ಏಕೆಂದರೆ ನೆಗಡಿಯ ವಿಷಾಣುವಿನ ಮೇಲೆ ಅದು ಕೆಲಸ ಮಾಡದು. ಮಂಡಿನೋವಿಗೆಂದು ಅಂಗಡಿಯಿಂದ ತಾವೇ ತಂದು ನಿತ್ಯ ನುಂಗುವ ನೋವಿನ ಗುಳಿಗೆಗಳಲ್ಲಿ ಅನೇಕವು ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸಿ ರಕ್ತದೊತ್ತಡವನ್ನು ಏರಿಸುತ್ತವೆ. ಮೇಲೆ ಹೇಳಿದ ಗೃಹಸ್ಥನೂ ಟಾನಿಕ್ಕಿಗೆ ಹಣ ಕೊಡುತ್ತಲೇ ಇದ್ದನು.

ಉಪ್ಪಿನ ಮಾತೂ ಇಲ್ಲಿ ಸಲ್ಲುತ್ತದೆ. ಒಬ್ಬನಿಗೆ ದಿನಕ್ಕೆ 5 ಗ್ರಾಮಿಗಿಂತ, ಎಂದರೆ ಒಂದು ಚಮಚೆಗಿಂತ, ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ಇದನ್ನು ಮೀರಿಸುತ್ತವೆ. ಜೋಳದ ರೊಟ್ಟಿಗೆ ಉಪ್ಪೇ ಬೇಡ. ಜತೆಗೆ ಸೊಪ್ಪಿನ ಪಲ್ಯ, ಬೇಳೆ. ಬಡವನ ತಟ್ಟೆಯೆಂದು ಯಾವುದನ್ನು ಕೀಳಾಗಿ ಕಂಡರೋ ಅದೇ ಪಥ್ಯವಾಗಿದೆ. ಇಂಥ ಊಟದಿಂದಲೂ ನಡಿಗೆಯಿಂದಲೂ ಒತ್ತಡ ಇಳಿದರೆ ವೈದ್ಯರು ಅಳೆದು ನೋಡಿ ಗುಳಿಗೆಯನ್ನು ಕಡಿಮೆ ಮಾಡಬಹುದು. ರೋಗಿ ತಾನೇ ಮಾಡತಕ್ಕದ್ದಲ್ಲ.

ಆಚಾರವಂತರಿಗೆ ಒಂದು ಶಂಕೆಯುಂಟು. ಲಿಂಗಪೂಜೆಗೆ ಮುನ್ನ ಏನನ್ನೂ ಸೇವಿಸದವರು ಬೆಳಗಿನ ಗುಳಿಗೆಯನ್ನು ಏನು ಮಾಡಬೇಕು? ರಕ್ತದೊತ್ತಡದ ಹೆಚ್ಚಿನ ಗುಳಿಗೆಗಳನ್ನು ಪೂಜೆ ಮುಗಿದ ಮೇಲೆ, ದಿನವೂ ಒಂದೇ ಹೊತ್ತಿಗೆ ಸೇವಿಸಿದರೆ ಬಾಧಕವಿಲ್ಲ. ಥೈರಾಯ್ಡಿನ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ, ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಸೇವಿಸಬೇಕಾದುದರಿಂದ, ಪೂಜೆಯನ್ನು ಅಷ್ಟು ಹಿಂದಕ್ಕೆ ತಂದುಕೊಂಡರೆ ಎರಡೂ ನಡೆಯುತ್ತವೆ. ಲಿಂಗಕ್ಕೆ ಅರ್ಪಿತವಾದ ಅನ್ನ ಪ್ರಸಾದವಾಗುವಂತೆ ಔಷಧವೂ ಆಗುವುದು. ಶಿವರಾತ್ರಿಯ ಉಪವಾಸದಲ್ಲಿ ಮಾತ್ರ ಎಚ್ಚರ ಬೇಕು. ಇನ್ಸುಲಿನ್ನನ್ನೋ ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳನ್ನೋ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿದು ಎಚ್ಚರ ತಪ್ಪಬಹುದು. ವೈದ್ಯರನ್ನು ಮುಂಚೆಯೇ ಕೇಳಿಕೊಳ್ಳಬೇಕು. ಕುಮಾರಸಂಭವದಲ್ಲಿ ಬ್ರಹ್ಮಚಾರಿಯ ವೇಷದಿಂದ ಬಂದ ಶಿವನು ತಪಸ್ವಿನಿಯಾದ ಪಾರ್ವತಿಯನ್ನು, ದೇಹದ ಶಕ್ತಿಗೆ ತಕ್ಕಂತೆ ತಪಸ್ಸು ಮಾಡುತ್ತಿರುವೆಯಷ್ಟೆ ಎಂದು ವಿಚಾರಿಸುತ್ತಾನೆ. ವ್ರತ ಯಾರಿಗಾಗಿಯೋ ಆತನೇ ಕೇಳಿದ ಪ್ರಶ್ನೆ ಅದು.

ಆ ಗೃಹಸ್ಥನ ಮನೆಯಲ್ಲಿ ಒಬ್ಬ ಲಕ್ಕಮ್ಮನಿದ್ದರೆ ಆಕೆ ಟಾನಿಕ್ಕಿನ ಸೀಸೆಯನ್ನು ಇನ್ನು ತರಬೇಡವೆನ್ನುವಳು. ತಿಂಗಳ ಮೊದಲ ದಿನವೇ ಗುಳಿಗೆಗಳನ್ನು ತರಿಸಿ, ಮರೆಯದಂತೆ ವಿಭೂತಿಯ ಗಟ್ಟಿಯ ಪಕ್ಕದಲ್ಲಿಟ್ಟು, ಸಂಜೆ ಎಷ್ಟು ಉಳಿದಿವೆಯೆಂದು ಎಣಿಸಿ ನೋಡುವಳು.