ಬೆಂಕಿ, ಮಣಿ ಮತ್ತು ಹದಿಮೂರರ ಹುಡುಗಿ

ಮಗುವನ್ನು ಕೋರ್ಟಿನ ಅಂಚಿನಲ್ಲಿ ನಿಲ್ಲಿಸಿಕೊಂಡು ತಂದೆತಾಯಿ ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ‘ಇವಳಲ್ಲಿ ಅದು ಇದೆಯಾ ಮೇಡಂ?’ ಅದು ಅಂದರೆ ಯಾವುದು ಎಂದು ಅವರು ಹೇಳುವುದಿಲ್ಲ, ಕಲಿಸುವ ನಾವೂ ಕೇಳುವುದಿಲ್ಲ. ಮೈಸೂರಿನಲ್ಲಿ ಟೆನಿಸ್ ಕಲಿಸುತ್ತಲೇ ತಲೆ ನರೆತ ನನಗೆ ಈ ಸಲ ಆ ಪ್ರಶ್ನೆ ಕಾಗದದ ಮೇಲೆ ಬಂದಿದೆ. ಮಕ್ಕಳ ಕ್ರೀಡೆಗೆ ನೆರವು ನೀಡುವ ಟ್ರಸ್ಟೊಂದು ನನ್ನ ಹತ್ತಿರ ಕಲಿಯುತ್ತಿರುವ ಹದಿಮೂರು ವರ್ಷದ ಹುಡುಗಿಯ ಬಗ್ಗೆ ಅಭಿಪ್ರಾಯ ಬರೆದುಕೊಡಿ ಎಂದಿದೆ. ಅರ್ಜಿಯಲ್ಲಿ ಒಂದು ಕಾಲಂ: ‘ಅಂತರ್ಗತ ಸಾಮರ್ಥ್ಯ, 10ಕ್ಕೆ ಎಷ್ಟು?’

ಅಪ್ಪ ಇದ್ದಿದ್ದರೆ ಈ ಕಾಲಮ್ಮಿನ ಮೇಲೆ ಎರಡು ದಿನ ಪಾಠ ಮಾಡುತ್ತಿದ್ದರು. ಅವರು ನ್ಯಾಯಶಾಸ್ತ್ರ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರ, ಓದಿಸುತ್ತಿದ್ದವರು. ನಾನು ರ‍್ಯಾಕೆಟ್ ಹಿಡಿದು ಹೊರಡುವ ಹೊತ್ತಿಗೆ ನಡುಮನೆಯಲ್ಲಿ ವಿದ್ಯಾರ್ಥಿಗಳ ಜತೆ ಶಕ್ತಿವಾದ ನಡೆಯುತ್ತಿರುತ್ತಿತ್ತು. ವಸ್ತುವಿನೊಳಗೆ ಶಕ್ತಿ ಎಂಬ ಬೇರೊಂದು ಪದಾರ್ಥ ಇದೆಯೋ ಇಲ್ಲವೋ ಎಂಬುದು ಅಲ್ಲಿನ ಜಗಳ. ಇದೆ ಎನ್ನುವವರು ಮೀಮಾಂಸಕರು. ಬೆಂಕಿ ಸುಡುತ್ತದೆ. ಪಕ್ಕದಲ್ಲಿ ಚಂದ್ರಕಾಂತ ಮಣಿ ಇಟ್ಟರೆ ಸುಡುವುದಿಲ್ಲ. ಬೆಂಕಿ ಅದೇ, ಅದರ ರೂಪ ಅದೇ, ಆದರೂ ಸುಡುವುದು ನಿಂತಿತು. ಅಂದಮೇಲೆ ಕಣ್ಣಿಗೆ ಕಾಣದ ಏನೋ ಒಂದು ಅದರಿಂದ ಹೊರಟುಹೋಗಿರಬೇಕು, ಆ ಏನೋ ಒಂದೇ ಶಕ್ತಿ ಎಂಬುದು ಅವರ ವಾದ. ನೈಯಾಯಿಕರಾದ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯ ಮೊದಲ ಸ್ತಬಕದಲ್ಲೇ ಇದನ್ನು ಎತ್ತಿಕೊಂಡು ತಳ್ಳಿಹಾಕುತ್ತಾರೆ. ಕಾಣದ ಪದಾರ್ಥವೊಂದನ್ನು ಕಲ್ಪಿಸುವ ಅಗತ್ಯವೇ ಇಲ್ಲ. ಸುಡುವುದಕ್ಕೆ ಬೆಂಕಿ ಹೇಗೆ ಕಾರಣವೋ, ತಡೆಯುವ ಮಣಿ ಅಲ್ಲಿ ಇಲ್ಲದಿರುವುದೂ ಹಾಗೆಯೇ ಒಂದು ಕಾರಣ. ಪ್ರತಿಬಂಧಕದ ಅಭಾವವನ್ನೂ ಕಾರಣಗಳ ಪಟ್ಟಿಗೆ ಸೇರಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ.

ನನಗೆ ಇದು ಬರೀ ಪಂಡಿತರ ವಾಗ್ವಾದವಾಗಿ ಉಳಿದಿಲ್ಲ. ಕೋರ್ಟಿನ ಸುತ್ತ ಕೂತಿರುವ ನಾವೆಲ್ಲ, ಗೊತ್ತಿಲ್ಲದೆಯೇ, ಮೀಮಾಂಸಕರ ಪಕ್ಷದವರು. ಪ್ರತಿಭೆ ಎಂಬುದು ಮಗುವಿನೊಳಗೆ ಅಡಗಿ ಕೂತಿರುವ ವಸ್ತು, ಕೆಲವರಲ್ಲಿ ಉಂಟು, ಕೆಲವರಲ್ಲಿ ಇಲ್ಲ, ಅದನ್ನು ಗುರುತಿಸುವುದೇ ಕೋಚ್ ಆದವರ ಕೆಲಸ ಎಂದು ನಂಬಿದ್ದೇವೆ. ಈ ನಂಬಿಕೆಗೆ ತೆರಬೇಕಾದ ಬೆಲೆಯನ್ನು ಮಗು ತೆರುತ್ತದೆ. ಹದಿನೆಂಟಕ್ಕೆ ಆಟ ನಿಂತುಹೋದರೆ ಹೇಳಲು ಎರಡೇ ಮಾತು ಉಳಿಯುತ್ತವೆ: ಅವಳಲ್ಲಿ ಅದು ಇರಲೇ ಇಲ್ಲ, ಅಥವಾ ಇದ್ದದ್ದನ್ನು ಅವಳು ಹಾಳುಮಾಡಿಕೊಂಡಳು. ಎರಡೂ ಆಪಾದನೆಗಳೇ, ಎರಡೂ ಅವಳ ಮೇಲೇ. ಸಾಲ ಮಾಡಿದ ಅಪ್ಪ, ಬೆಳೆಯುವ ಮೊಣಕಾಲಿಗೆ ವಿಶ್ರಾಂತಿ ಕೊಡದ ಕೋಚ್, ವಾರಗಟ್ಟಲೆ ಹಾಜರಿ ಕೊಡದ ಶಾಲೆ, ಇವರಾರೂ ಆ ಲೆಕ್ಕಕ್ಕೆ ಬರುವುದಿಲ್ಲ.

ಹಾಗೆಂದು ಎಲ್ಲ ಮಕ್ಕಳೂ ಒಂದೇ ಎಂದು ನೈಯಾಯಿಕರೂ ಹೇಳುವುದಿಲ್ಲ, ನಾನೂ ಹೇಳಲಾರೆ. ಮಣಿ ಇಲ್ಲದಿದ್ದರೂ ನೀರು ಸುಡುವುದಿಲ್ಲ. ಈ ಹುಡುಗಿಯಲ್ಲಿ ನನ್ನ ಕಣ್ಣಿಗೆ ಕಾಣುವುದು ಬಹಳವಿದೆ. ಎದುರಾಳಿಯ ರ‍್ಯಾಕೆಟ್ ಚೆಂಡಿಗೆ ತಗಲುವ ಕ್ಷಣಕ್ಕೆ ಸರಿಯಾಗಿ ಅವಳ ಎರಡೂ ಪಾದ ನೆಲಕ್ಕೆ ಇಳಿದಿರುತ್ತವೆ. ಸ್ಪ್ಲಿಟ್ ಸ್ಟೆಪ್ ಎನ್ನುವ ಈ ಪುಟ್ಟ ನೆಗೆತವನ್ನು ನಾನು ಹೇಳಿಕೊಟ್ಟದ್ದು ನಿಜ, ಆ ಕಾಲಜ್ಞಾನವನ್ನು ಹೇಳಿಕೊಟ್ಟಿಲ್ಲ. ಬ್ಯಾಕ್‌ಹ್ಯಾಂಡಿನಲ್ಲಿ ಚೆಂಡನ್ನು ದೇಹದ ಮುಂದೆಯೇ ಎದುರುಗೊಳ್ಳುತ್ತಾಳೆ. ಸೋಲುತ್ತಿರುವಾಗ ಹೊಡೆತ ಬದಲಿಸುವುದಿಲ್ಲ, ಹೊಡೆಯುವ ಜಾಗ ಬದಲಿಸುತ್ತಾಳೆ. ಇನ್ನು ಇಲ್ಲದ್ದು: ಎರಡನೇ ಸರ್ವ್. ಗೇಮ್ ಕೈಬಿಡುವ ಅಂಚಿಗೆ ಬಂದು 30-40 ಆದಾಗ ಟಾಸ್ ತಲೆಯ ಹಿಂದಕ್ಕೆ ಹೋಗುತ್ತದೆ, ಚೆಂಡು ನೆಟ್ಟಿಗೆ ಬೀಳುತ್ತದೆ. ಇವೆಲ್ಲ ಪ್ರತ್ಯಕ್ಷ, ಬರೆದುಕೊಡಬಲ್ಲೆ.

ಆದರೆ ಇದೇ ವಯಸ್ಸಿನಲ್ಲಿ ಪ್ರತ್ಯಕ್ಷವೂ ಮೋಸಮಾಡುತ್ತದೆ. ಹದಿನಾಲ್ಕರೊಳಗಿನ ಪಂದ್ಯಗಳಲ್ಲಿ ಒಂದೇ ವರ್ಷ ಹುಟ್ಟಿದ ಇಬ್ಬರು ಹುಡುಗಿಯರ ಮೂಳೆಗಳ ವಯಸ್ಸಿನಲ್ಲಿ ಎರಡು-ಮೂರು ವರ್ಷಗಳ ಅಂತರ ಇರಬಹುದು. ಬೇಗ ಬೆಳೆದವಳು ಗೆಲ್ಲುತ್ತಾಳೆ, ಗೆದ್ದವಳಿಗೆ ಒಳ್ಳೆಯ ಕೋರ್ಟು, ಒಳ್ಳೆಯ ಎದುರಾಳಿಗಳು, ಪ್ರವಾಸದ ಹಣ ಸಿಗುತ್ತವೆ, ಅವುಗಳಿಂದಾಗಿ ಅವಳು ಇನ್ನಷ್ಟು ಗೆಲ್ಲುತ್ತಾಳೆ. ಕಿರಿಯರ ಟೆನಿಸ್‌ನಲ್ಲಿ ಮೇಲಿನ ರ‍್ಯಾಂಕ್ ಪಡೆಯುವವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂಬುದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಜನವರಿಯಲ್ಲಿ ಹುಟ್ಟಿದ್ದನ್ನು ನಾವು ಪ್ರತಿಭೆ ಎಂದು ಎಣಿಸುತ್ತಿದ್ದೇವೆ. ನನ್ನ ಹುಡುಗಿ ನವೆಂಬರಿನವಳು, ಎತ್ತರ ಇನ್ನೂ ಬಂದಿಲ್ಲ.

ಯೂಕಿ ಭಾಂಬ್ರಿ 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಪ್ರಶಸ್ತಿ ಗೆದ್ದಾಗ, ಕಿರಿಯರಲ್ಲಿ ಜಗತ್ತಿನ ನಂಬರ್ ಒನ್ ಆದಾಗ, ಭಾರತದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆಮೇಲೆ ಗಾಯದ ಮೇಲೆ ಗಾಯ. ಸಿಂಗಲ್ಸ್‌ನಲ್ಲಿ ಅವರು ತಲುಪಿದ ಅತಿ ಮೇಲಿನ ಸ್ಥಾನ 83, ಅದೂ 2018ರಲ್ಲಿ. ಅವರಲ್ಲಿ ಅದು ಇರಲಿಲ್ಲವೇ? ಬೆಂಕಿ ಇತ್ತು, ಮಣಿಯೂ ಪಕ್ಕದಲ್ಲೇ ಇತ್ತು. ಇನ್ನೊಂದು ಕಡೆ ನಮ್ಮ ಕೊಡಗಿನ ರೋಹನ್ ಬೋಪಣ್ಣ. ಕಾಫಿ ಬೆಳೆಗಾರರ ಮಗ, ಟೆನಿಸ್ ಹಿಡಿದದ್ದು 11ನೇ ವಯಸ್ಸಿಗೆ, ಹಾಕಿ ಫುಟ್‌ಬಾಲ್‌ಗಳ ಜತೆಜತೆಗೆ. ಮೊದಲ ಗ್ರ್ಯಾಂಡ್‌ಸ್ಲಾಮ್ ಬಂದದ್ದು 2017ರಲ್ಲಿ, ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ, 37ನೇ ವಯಸ್ಸಿಗೆ. ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್ ಮತ್ತು ವಿಶ್ವದ ಮೊದಲ ಸ್ಥಾನ, ಎರಡೂ 2024ರಲ್ಲಿ, 43ಕ್ಕೆ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತೆಂದೂ ಅಯ್ಯಂಗಾರ್ ಯೋಗ ತಮ್ಮನ್ನು ಎತ್ತಿ ನಿಲ್ಲಿಸಿತೆಂದೂ ಅವರೇ ಹೇಳಿಕೊಂಡಿದ್ದಾರೆ. ನ್ಯಾಯದಲ್ಲಿ ಇದಕ್ಕೂ ಜಾಗವಿದೆ. ಚಂದ್ರಕಾಂತ ಅಲ್ಲೇ ಇರುವಾಗಲೂ ಸೂರ್ಯಕಾಂತ ಮಣಿಯನ್ನು ತಂದಿಟ್ಟರೆ ಬೆಂಕಿ ಮತ್ತೆ ಸುಡುತ್ತದೆಯಂತೆ, ಅದನ್ನು ಉತ್ತೇಜಕ ಎನ್ನುತ್ತಾರೆ. 1993ರಲ್ಲಿ ಸರ್ಬಿಯಾದ ಕೋಪಾವ್ನಿಕ್ ಬೆಟ್ಟದಲ್ಲಿ ಆರು ವರ್ಷದ ನೊವಾಕ್ ಜೊಕೊವಿಚ್‌ನನ್ನು ಕರೆದು ಕಲಿಸತೊಡಗಿದ ಯೆಲೆನಾ ಗೆಂಚಿಚ್ ಅಂಥ ಉತ್ತೇಜಕ. ಈ ಹುಡುಗ ಮೋನಿಕಾ ಸೆಲೆಸ್ ನಂತರದ ದೊಡ್ಡ ಪ್ರತಿಭೆ ಎಂದು ಆಕೆ ಅವನ ತಂದೆತಾಯಿಗೆ ಹೇಳಿದ್ದನ್ನು ಎಲ್ಲರೂ ಭವಿಷ್ಯವಾಣಿಯೆಂದು ನೆನೆಯುತ್ತಾರೆ. ನಾನು ನೆನೆಯುವುದು, ಹೇಳಿ ಸುಮ್ಮನಾಗದೆ ಮುಂದಿನ ಐದಾರು ವರ್ಷ ಆಕೆ ಮಾಡಿದ ಕೆಲಸವನ್ನು. 1999ರಲ್ಲಿ ಬೆಲ್‌ಗ್ರೇಡ್ ಮೇಲೆ ಬಾಂಬು ಬೀಳುತ್ತಿದ್ದ ವಾರಗಳಲ್ಲೂ ಆ ಹುಡುಗನ ಅಭ್ಯಾಸ ನಿಲ್ಲಲಿಲ್ಲ.

ಇನ್ನೊಂದು ತೊಡಕು ನನ್ನನ್ನು ಹೆಚ್ಚು ಕಾಡುತ್ತದೆ. ಮಡಕೆ ಹುಟ್ಟುವ ಮೊದಲು ಅದು ಮಣ್ಣಿನಲ್ಲಿ ಅಡಗಿರುತ್ತದೆ ಎಂಬುದು ಸಾಂಖ್ಯರ ಮತ. ನ್ಯಾಯದ ಪ್ರಕಾರ ಅಲ್ಲಿ ಇರುವುದು ಮಡಕೆಯ ಪ್ರಾಗಭಾವ, ಹುಟ್ಟಿನೊಂದಿಗೆ ಕೊನೆಯಾಗುವ ಇಲ್ಲದಿರುವಿಕೆ. ಎಂದೆಂದಿಗೂ ಇಲ್ಲದಿರುವುದು ಅತ್ಯಂತಾಭಾವ, ಅದು ಬೇರೆ. ಹದಿಮೂರರ ಹುಡುಗಿಯಲ್ಲಿ ದೊಡ್ಡ ಆಟಗಾರ್ತಿ ಇಲ್ಲ. ಇದು ಯಾವ ಇಲ್ಲ? ಮುಂದೊಂದು ದಿನ ಮುಗಿಯುವ ಇಲ್ಲವೋ, ಮುಗಿಯದ ಇಲ್ಲವೋ? ಮಗುವನ್ನು ಎಷ್ಟೇ ದಿಟ್ಟಿಸಿದರೂ ಎರಡೂ ಒಂದೇ ಥರ ಕಾಣುತ್ತವೆ. ‘ಇಲ್ಲಿ ಮಡಕೆಯಾಗುತ್ತದೆ’ ಎಂದು ಧೈರ್ಯವಾಗಿ ಹೇಳಬಲ್ಲವನು, ಮಣ್ಣು ಹದವಾಗಿ ಚಕ್ರ ತಿರುಗುತ್ತಿರುವುದನ್ನು ಕಂಡವನು. ಅವನು ನೋಡಿದ್ದು ಮಣ್ಣಿನ ಒಳಗನ್ನಲ್ಲ, ಸುತ್ತ ಸೇರಿರುವ ಸಾಮಗ್ರಿಯನ್ನು. ಹಾಗಾಗಿ ಈ ಹುಡುಗಿಯ ಬಗ್ಗೆ ಭವಿಷ್ಯ ಹೇಳು ಎಂದವರಿಗೆ ನಾನು ಮೊದಲು ಅವಳ ಮನೆ, ಶಾಲೆ, ಊಟ, ನಿದ್ದೆ, ಸಾಲ ಇವನ್ನೇ ಹೇಳಬೇಕಾಗುತ್ತದೆ. ನನ್ನನ್ನೂ ಸೇರಿಸಿ.

ದೈವದ ಮಾತು ಬಾರದೆ ಇರುವುದಿಲ್ಲ. ಮಕ್ಕಳ ಜಾತಕ ತಂದು ತೋರಿಸಿದ ತಂದೆಯರಿದ್ದಾರೆ. ‘ಜೀವದ ಯೋಗ್ಯತೆ ಇದ್ದಷ್ಟೇ’ ಎಂದು ನಮ್ಮ ಕಡೆ ಹಿರಿಯರು ನಿಟ್ಟುಸಿರಿಡುವುದುಂಟು. ಮಧ್ವಾಚಾರ್ಯರ ಸಿದ್ಧಾಂತದಲ್ಲಿ ಜೀವಕ್ಕೆ ಅನಾದಿಯಾದ ಯೋಗ್ಯತೆ ಇರುವುದು ಹೌದು, ಆದರೆ ಅಲ್ಲಿ ಕೇಳಿರುವುದು ಮೋಕ್ಷದ ಪ್ರಶ್ನೆ. ಅದನ್ನು ತಂದು ಮಗುವಿನ ಕ್ವಾರ್ಟರ್ ಫೈನಲ್‌ಗೆ ಅಂಟಿಸುವುದು ಆಚಾರ್ಯರಿಗೂ ಅನ್ಯಾಯ, ಮಗುವಿಗೂ ಅನ್ಯಾಯ. ನೈಯಾಯಿಕರೂ ಅದೃಷ್ಟವನ್ನು ಬಿಟ್ಟಿಲ್ಲ. ಆದರೆ ಅದನ್ನು ದೇಶ, ಕಾಲ, ಈಶ್ವರರ ಜತೆ ಸಾಧಾರಣ ಕಾರಣಗಳಲ್ಲಿ ಇಟ್ಟರು. ಪ್ರತಿಯೊಂದು ಕಾರ್ಯಕ್ಕೂ ಬೇಕಾದದ್ದನ್ನು ತೋರಿಸಿ, ಈ ಕಾರ್ಯ ಯಾಕೆ ಕೆಟ್ಟಿತು ಎಂಬುದಕ್ಕೆ ಅಷ್ಟೇ ಉತ್ತರ ಎನ್ನುವಂತಿಲ್ಲ. ಚಕ್ರ ಮುರಿದಿದ್ದರೆ ಚಕ್ರ ಮುರಿದಿದೆ ಎಂದೇ ಹೇಳಬೇಕು.

ಇಲ್ಲಿ ನನಗೆ ಅಮೆರಿಕದ ಆಟಗಾರ್ತಿ ಆಂಡ್ರಿಯಾ ಯೇಗರ್ ನೆನಪಾಗುತ್ತಾರೆ. 16ನೇ ವಯಸ್ಸಿಗೆ ಜಗತ್ತಿನಲ್ಲಿ ಎರಡನೆಯವರು, 1983ರಲ್ಲಿ ವಿಂಬಲ್ಡನ್ ಫೈನಲ್, ನಂತರ ಭುಜದ ಗಾಯ. ಆಟ ಮುಗಿದೇಹೋಯಿತು. ಕ್ಯಾನ್ಸರ್ ಇರುವ ಮಕ್ಕಳಿಗಾಗಿ ದುಡಿದರು, 2006ರಲ್ಲಿ ಆಂಗ್ಲಿಕನ್ ಚರ್ಚಿನ ಡೊಮಿನಿಕನ್ ಪಂಥದಲ್ಲಿ ಸನ್ಯಾಸಿನಿಯಾದರು. ಟೆನಿಸ್‌ನವರು ಆಕೆಯನ್ನು ವ್ಯರ್ಥವಾದ ಪ್ರತಿಭೆ ಎಂದು ಕರೆಯುವುದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಪ್ರತಿಭೆ ಎಂಬುದು ಒಳಗಿರುವ ವಸ್ತುವಾದರೆ ಮನುಷ್ಯ ಅದನ್ನು ಹೊರುವ ಪಾತ್ರೆ ಮಾತ್ರ ಆಗುತ್ತಾನೆ, ವಸ್ತು ಹೊರಬಾರದಿದ್ದರೆ ಪಾತ್ರೆಗೆ ಬೆಲೆಯಿಲ್ಲ. ದೇವರ ಹೆಸರು ಹೇಳಿದರೂ ಹೇಳದಿದ್ದರೂ ಈ ಎಣಿಕೆ ಅಧರ್ಮ.

ಅರ್ಜಿಯ ಆ ಕಾಲಮ್ಮನ್ನು ಖಾಲಿ ಬಿಟ್ಟೆ. ಬೇರೊಂದು ಹಾಳೆ ಲಗತ್ತಿಸಿದೆ. ಕಾಲುಗಳ ಚಲನೆ ಅವಳ ವಯಸ್ಸಿಗೆ ನಾನು ಕಂಡವುಗಳಲ್ಲಿ ಅತ್ಯುತ್ತಮ. ಎರಡನೇ ಸರ್ವ್, ಎತ್ತರಕ್ಕೆ ಪುಟಿಯುವ ಕಿಕ್ ಸರ್ವ್ ಆಗಿ ಬದಲಾಗಬೇಕು, ಆದರೆ ಬೆನ್ನು ಬೆಳೆಯುತ್ತಿರುವಾಗ ಅದನ್ನು ನೂರಾರು ಸಲ ಹೊಡೆಸುವಂತಿಲ್ಲ, ಸೊಂಟದ ಮಟ್ಟದ ಬೆನ್ನುಮೂಳೆಯಲ್ಲಿ ಬಿರುಕು ಬೀಳುವ ಅಪಾಯವಿದೆ, ಆದ್ದರಿಂದ ಒಂದೂವರೆ ವರ್ಷ ನಿಧಾನ. ಈ ಅವಧಿಯಲ್ಲಿ ಅವಳು ಸೋಲುತ್ತಾಳೆ, ಅವಳಿಗಿಂತ ಎತ್ತರದ ಹುಡುಗಿಯರು ಅವಳನ್ನು ದಾಟಿ ಹೋಗುತ್ತಾರೆ. ತಂದೆ ಪಂದ್ಯಗಳ ಓಡಾಟಕ್ಕೆ ಕೈಸಾಲ ಮಾಡಿದ್ದಾರೆ, ಅದರ ಮಾತು ಮಗಳ ಕಿವಿಗೆ ಬೀಳುತ್ತಿದೆ, 30-40ರ ಟಾಸ್‌ಗೂ ಅದಕ್ಕೂ ಸಂಬಂಧವಿದೆ ಎಂದು ನನ್ನ ಅನಿಸಿಕೆ. ರ‍್ಯಾಂಕಿಂಗ್ ಕುಸಿದರೆ ನೆರವು ನಿಲ್ಲುತ್ತದೆ ಎಂಬ ಒಂಬತ್ತನೇ ಷರತ್ತನ್ನು ಇವಳ ಮಟ್ಟಿಗೆ ಎರಡು ವರ್ಷ ತೆಗೆದುಹಾಕಿ ಎಂದು ಕೇಳಿದ್ದೇನೆ. ಟ್ರಸ್ಟಿನವರು ಫೋನ್ ಮಾಡಿ, ಅಂಕ ಇಲ್ಲದಿದ್ದರೆ ಸಮಿತಿಗೆ ಹೋಲಿಸಲು ಕಷ್ಟ ಮೇಡಂ ಎಂದರು. ಹೋಲಿಸಬೇಕಾದದ್ದು ಮಕ್ಕಳನ್ನಲ್ಲ, ಯಾರ ಪಕ್ಕದಲ್ಲಿ ಯಾವ ಮಣಿ ಇದೆ ಎಂಬುದನ್ನು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಒಂಬತ್ತನೇ ಷರತ್ತು ಅಂಥದ್ದೊಂದು ಮಣಿ, ಅದನ್ನು ಎತ್ತಿಡುವುದು ನಿಮ್ಮ ಕೈಯಲ್ಲಿದೆ ಎಂದು ಬಿಡಿಸಿ ಹೇಳಿದೆ. ಸಮಿತಿ ಮುಂದಿನ ತಿಂಗಳು ಸೇರುತ್ತದೆ, ನಾನೂ ಹೋಗುತ್ತೇನೆ.